ನಾಲ್ಕು ಬೆರಳು ಹಿಂದಕ್ಕೆ

ಹೊಸದುರ್ಗದಲ್ಲಿ ಮುರುಗೇಶಪ್ಪನ ಮನೆ ಎಲ್ಲಿ ಎಂದು ಕೇಳಿದರೆ ಯಾವ ಮುರುಗೇಶಪ್ಪ ಎಂದು ತಿರುಗಿ ನಿಮ್ಮನ್ನೇ ಕೇಳುತ್ತಾರೆ. ಆ ಹೆಸರಿಗೆ ಊರಿನಲ್ಲಿ ಬರವಿಲ್ಲ. ವಿಮಾನದ ಮುರುಗೇಶಪ್ಪ ಎಂದರೆ ಮಾತ್ರ ಬಸ್ ಸ್ಟ್ಯಾಂಡಿನ ಆಟೋದವನೂ ನಗುತ್ತಾ ದಾರಿ ತೋರಿಸುತ್ತಾನೆ. ಆ ನಗುವಿನಲ್ಲಿ ಅರ್ಧ ಗೇಲಿ, ಅರ್ಧ ಹೆಮ್ಮೆ. ವರ್ಷಗಟ್ಟಲೆ ಕೊಬ್ಬರಿ ಶೆಡ್ಡಿನಲ್ಲೇ ಉಳಿದ ವಿಮಾನ ಅದು ಅನ್ನುವುದಕ್ಕೆ ಗೇಲಿ. ಕೊನೆಗೂ ಹಾರಿತಲ್ಲ ಅನ್ನುವುದಕ್ಕೆ ಹೆಮ್ಮೆ. ಹಾರಿದ್ದನ್ನು ಕಂಡವರು ಇವತ್ತಿಗೂ ಮುರುಗೇಶಪ್ಪನನ್ನು ನಿಲ್ಲಿಸಿ ಶಹಬ್ಬಾಸ್ ಹೇಳುತ್ತಾರೆ. ಅವನು ಮಾತ್ರ ಸಾಲ ಕೊಟ್ಟವನನ್ನು ಕಂಡವನ ಹಾಗೆ ತಲೆ ತಗ್ಗಿಸಿ ಮುಂದೆ ಹೋಗಿಬಿಡುತ್ತಾನೆ.

ಹದಿನೆಂಟು ತುಂಬಿದ ಕೂಡಲೇ ವಾಯುಸೇನೆ ಸೇರಿದವನು. ಪೈಲಟ್ ಆಗಲಿಲ್ಲ. ಪೈಲಟ್ಟಿನ ಕಣ್ಣೆದುರು ಇರುವ ಮೀಟರುಗಳನ್ನು ಬಿಚ್ಚಿ, ಒರೆಸಿ, ಸರಿಮಾಡಿ ಮತ್ತೆ ಕೂರಿಸುವ ಕೆಲಸ ಅವನದು. ಬೇರೆಯವರ ವಿಮಾನಗಳು ನೆಟ್ಟಗೆ ಹಾರುವಂತೆ ನೋಡಿಕೊಂಡೇ ಸರ್ವಿಸ್ ಮುಗಿಸಿ, ತಾನು ರೈಲು ಹತ್ತಿ ಊರಿಗೆ ಬಂದ. ಆಮೇಲೆ ಬ್ಯಾಂಕಿನಲ್ಲಿ ಗುಮಾಸ್ತೆ. ಅಲ್ಲಿ ಗೋಡೆಯ ಕ್ಯಾಲೆಂಡರ್ ತುಸು ಓರೆಯಾಗಿದ್ದರೂ ಎದ್ದು ಹೋಗಿ ಸರಿಮಾಡಿ ಬಂದ ಮೇಲೆಯೇ ಗಿರಾಕಿಯ ಜೊತೆ ಮಾತು. ಹೋಟೆಲಿನಲ್ಲಿ ಮೇಜು ಕುಂಟುತ್ತಿದ್ದರೆ ಕಾಗದ ಮಡಚಿ ಕಾಲಿನ ಕೆಳಗೆ ಇಟ್ಟ ಮೇಲೆಯೇ ಇಡ್ಲಿಗೆ ಕೈ. ಇಂಥವನ ಜೊತೆ ಬಾಳುವೆ ಮಾಡುವುದು ಹೆಂಗಮ್ಮಾ ಎಂದು ಅಕ್ಕಪಕ್ಕದವರು ಕೇಳಿದರೆ ಅವನ ಹೆಂಡತಿ ಶಿವಗಂಗಮ್ಮ, "ಮನೆ ನೆಟ್ಟಗಿರ್ತೈತೆ ಬಿಡ್ರಿ" ಎಂದು ನಗುತ್ತಿದ್ದಳು.

ಶಿವಗಂಗಮ್ಮ ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದ ಹೆಣ್ಣು. ಮದುವೆಯಾದ ಹೊಸದರಲ್ಲಿ ಗಂಡ ರಜೆಗೆ ಬಂದಾಗ ಅವಳು ಕೇಳಿದ್ದು ಸೀರೆಯಲ್ಲ, ಬಳೆಯಲ್ಲ. "ಮೇಲಿಂದ ನಮ್ಮೂರು ಹೆಂಗೆ ಕಾಣ್ತೈತ್ರಿ? ಕೆರೆ, ಕೆರೆ ಏರಿ, ಏರಿ ಪಕ್ಕದಾಗೆ ನಮ್ಮಪ್ಪನ ಹಂಚಿನ ಮನೆ?" ಎಂದು ಕೇಳಿದ್ದಳು. ತಾನು ಒಂದು ದಿನವೂ ಮೇಲಿಂದ ನೆಲ ಕಂಡವನಲ್ಲ ಎಂದು ಹೇಳಿಕೊಳ್ಳಲು ಮುರುಗೇಶಪ್ಪನಿಗೆ ನಾಚಿಕೆಯಾಯಿತು. "ಒಂದಿನ ಕರ್ಕಂಡ್ ಹೋಗಿ ತೋರಿಸ್ತೀನಿ ಬಿಡು" ಎಂದುಬಿಟ್ಟ. ಅವಳು ಅದನ್ನು ನಂಬಿದಳು. ಬೇರೇನನ್ನೂ ಅವಳು ಗಂಡನಿಂದ ಬೇಡಲಿಲ್ಲ.

ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಆ ಮಾತು ಉಳಿಸಿಕೊಳ್ಳಲು ಹೊರಟ. ದಾಯಾದಿಯೊಬ್ಬರ ಹಳೇ ಕೊಬ್ಬರಿ ಶೆಡ್ಡಿನಲ್ಲಿ ಅಲ್ಯೂಮಿನಿಯಂ ಪೈಪು, ಬಟ್ಟೆ, ಎರಡು ಸಿಲಿಂಡರಿನ ಒಂದು ಎಂಜಿನ್ ಇಟ್ಟುಕೊಂಡು ಕುಳಿತ. ಅನುಮತಿಗಾಗಿ ಕಚೇರಿಗಳಿಗೆ ಅಲೆದದ್ದು ಬೇರೆಯೇ ಪುರಾಣ, ಅದು ಇಲ್ಲಿ ಬೇಡ. ವಿಮಾನಕ್ಕೆ ಅಕ್ಕಪಕ್ಕ ಎರಡು ಸೀಟು: ಒಂದು ಹಾರಿಸುವವರಿಗೆ, ಇನ್ನೊಂದು ಶಿವಗಂಗಮ್ಮನಿಗೆ. ರೆಕ್ಕೆಗೆ ಬಟ್ಟೆ ಹೊದಿಸುವ ಮೊದಲೇ ಅವಳು ತೆಂಗಿನ ನಾರು ತುಂಬಿ ತನ್ನ ಸೀಟಿಗೊಂದು ಮೆತ್ತೆ ಹೊಲಿದು ತಂದಳು. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿದ್ಯಲ್ಲೇ" ಎಂದು ಮುರುಗೇಶಪ್ಪ ಛೇಡಿಸಿದ. "ಕೂಸು ಹುಟ್ಟಿಸೋದು ನಿಮ್ ಕೆಲ್ಸ" ಎಂದು ಅವಳು ತಿರುಗಿ ಕೊಟ್ಟಳು. ಆಗ ಅವರಿಬ್ಬರೂ ಸುಖವಾಗಿದ್ದರು.

ವಿಮಾನ ಎದ್ದು ನಿಂತಿತು, ಎಂಜಿನ್ ಉಸಿರಾಡಿತು. ಉಳಿದದ್ದು ಒಂದು ಸಣ್ಣ ಪೆಟ್ಟಿಗೆ. ಎರಡು ಬೆಂಕಿಪೊಟ್ಟಣ ಜೋಡಿಸಿದರೆ ಎಷ್ಟೋ ಅಷ್ಟೇ. ವಿಮಾನ ಮೂಗು ಎತ್ತಿದೆಯೋ ಇಳಿಸಿದೆಯೋ, ಯಾವ ರೆಕ್ಕೆ ಎಷ್ಟು ವಾಲಿದೆ ಎಂದು ಅದರೊಳಗಿನ ಸೆನ್ಸರ್ ತಿಳಿದು, ಪೈಲಟ್ಟಿನ ಮುಂದಿನ ಪರದೆಯ ಮೇಲೆ ಒಂದು ಗೆರೆಯಾಗಿ ತೋರಿಸುತ್ತದೆ. ಮೋಡ, ಮಬ್ಬು ಕವಿದು ನೆಲ ಕಾಣದಿದ್ದಾಗ ಆ ಗೆರೆಯೇ ನೆಲ. ಇಷ್ಟನ್ನೂ ಬಲ್ಲ ಮುರುಗೇಶಪ್ಪ ವಾಯುಸೇನೆಯಲ್ಲಿ ಇಂಥದ್ದನ್ನೇ ಸರಿಮಾಡಿದವನು. ಆದರೆ ಅಲ್ಲೆಲ್ಲ ಪೆಟ್ಟಿಗೆ ಎಲ್ಲಿ ಕೂರಬೇಕೆಂದು ಬೇರೆ ಯಾರೋ ಗೊತ್ತುಮಾಡಿರುತ್ತಿದ್ದರು. ಇಲ್ಲಿ ಜಾಗವನ್ನೂ ಅವನೇ ಹುಡುಕಬೇಕಿತ್ತು.

ಮೊದಲು ಮುಂದೆ, ಮೀಟರುಗಳ ಹಿಂದೆ ಕೂರಿಸಿದ. ಎಂಜಿನ್ ಚಾಲೂ ಮಾಡಿದರೆ ಗೆರೆಗೆ ಚಳಿಜ್ವರ ಬಂದಂತೆ ನಡುಕ. ಬಾಲಕ್ಕೆ ಒಯ್ದ. ಹೊಲದಲ್ಲಿ ಓಡಿಸಿದಾಗ ಬಾಲ ಕುಣಿದು, ವಿಮಾನ ಒಂದು ಬೆರಳು ಎದ್ದರೆ ಪೆಟ್ಟಿಗೆ ಒಂದು ಮೊಳ ಎಂದು ಚಾಡಿ ಹೇಳಿತು. ರೆಕ್ಕೆಯಲ್ಲಿಟ್ಟ. ರೆಕ್ಕೆಯ ತೆಳುಮೈ ಬಳುಕಿದಂತೆಲ್ಲ ಪೆಟ್ಟಿಗೆಯೂ ಬಳುಕಿತು. ಕೊನೆಗೆ ಕೊಬ್ಬರಿ ತೂಗುವ ಯಂತ್ರಗಳನ್ನೇ ತಂದು ಮೂರು ಗಾಲಿಗಳ ಕೆಳಗೆ ಇಟ್ಟು, ವಿಮಾನದ ಒಟ್ಟು ತೂಕ ಎಲ್ಲಿ ನಿಲ್ಲುತ್ತದೆ ಎಂದು ಲೆಕ್ಕ ಹಾಕಿದ. ಆ ನಡುಬಿಂದುವೇ ಸರಿಯಾದ ಜಾಗ, ಅಲ್ಲಿ ಕುಣಿತ ಕಡಿಮೆ. ಅದು ರೆಕ್ಕೆಗಳನ್ನು ಹೊರುವ ಗಟ್ಟಿ ತೊಲೆಯ ಮೇಲೆ, ಸರಿಯಾಗಿ ಶಿವಗಂಗಮ್ಮನ ಸೀಟು ಬಿಗಿದ ಜಾಗಕ್ಕೇ ಬಂತು. ಮುರುಗೇಶಪ್ಪ ಹಿಂದೆಮುಂದೆ ನೋಡದೆ ಸೀಟು ಬಿಚ್ಚಿ ಕೊಬ್ಬರಿ ಚೀಲಗಳ ಮೇಲಿಟ್ಟ.

"ಸ್ವಲ್ಪ ದಿನ ಕಣೆ ಗಂಗಾ. ಇದೊಂದು ಸರಿಹೋದ್ರೆ ನಿನ್ ಸೀಟು ವಾಪಸ್ ಹಾಕ್ತೀನಿ."

"ಆಗ್ಲಿ, ಏನವಸರ? ನಮ್ಮೂರು ಎಲ್ಲಿಗ್ ಓಡೋಗ್ತೈತೆ" ಎಂದಳು ಶಿವಗಂಗಮ್ಮ.

ಸ್ವಲ್ಪ ದಿನ ಎಂದದ್ದು ಎರಡು ಮಳೆಗಾಲ ಆಯಿತು. ಪೆಟ್ಟಿಗೆ ದಿಕ್ಕನ್ನೂ ಹೇಳುತ್ತದೆ, ಅದಕ್ಕೆ ಕಬ್ಬಿಣ ಹತ್ತಿರವಿದ್ದರೆ ಆಗದು. ಕಬ್ಬಿಣದ ಬೋಲ್ಟುಗಳನ್ನು ತೆಗೆದು ಹಿತ್ತಾಳೆಯವನ್ನು ಹಾಕಿದ. ಬ್ಯಾಟರಿಯ ದಪ್ಪ ವೈರು ಪಕ್ಕದಲ್ಲಿ ಹಾದು ಹೋಗುತ್ತಿತ್ತು, ಅದನ್ನು ಸುತ್ತುಬಳಸಿ ಒಯ್ದ. ಸೀಟು ಹಾಕಿದರೆ ಪೆಟ್ಟಿಗೆ ಸರಿಯಬೇಕು, ಪೆಟ್ಟಿಗೆ ಸರಿದರೆ ನಡುಬಿಂದು ತಪ್ಪುತ್ತದೆ. ಅವನಿಗೆ ಕೂದಲೆಳೆಯಷ್ಟೂ ತಪ್ಪುವುದು ಒಪ್ಪಿಗೆಯಿರಲಿಲ್ಲ. ಸಾಕು ಎನ್ನುವ ಮಾತು ಅವನು ಕಲಿತ ವರ್ಕ್‌ಶಾಪಿನಲ್ಲಿ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಅದು ಒಳ್ಳೆಯ ಗುಣವೇ. ಆದರೆ ಒಳ್ಳೆಯ ಗುಣವೂ ಅತಿಯಾದರೆ ಮನೆಯವರ ಮೇಲೇ ಬೀಳುತ್ತದೆ.

ಈ ನಡುವೆ ಒಂದು ಬೆಳಿಗ್ಗೆ ಶಿವಗಂಗಮ್ಮ, "ರೀ, ಅಡುಗೆಮನೆ ನೆಲ ಯಾಕೋ ಹಿತ್ತಲ ಕಡೆಗೆ ವಾಲ್ತೈತೆ" ಎಂದಳು. ಮುರುಗೇಶಪ್ಪನಿಗೆ ಖುಷಿಯೋ ಖುಷಿ, ಅವನ ಇಲಾಖೆಯ ಪ್ರಶ್ನೆ! ಶೆಡ್ಡಿನಿಂದ ರಸಮಟ್ಟ ತಂದು ಮೂಲೆ ಮೂಲೆಗೂ ಇಟ್ಟು ನೋಡಿದ. ಗಾಜಿನ ನಳಿಗೆಯೊಳಗಿನ ಗುಳ್ಳೆ ಎಲ್ಲ ಕಡೆಯೂ ನಡುವಿನಲ್ಲೇ ನಿಂತಿತು.

"ನೋಡಿಲ್ಲಿ, ನೆಲ ಸರಿಯಾಗೈತೆ. ವಾಲಿರೋದು ನಿನ್ ತಲೆ!"

ಅವಳೂ ನಕ್ಕಳು. ಒಂದು ಕೈ ಒಲೆಕಟ್ಟೆಯನ್ನು ಹಿಡಿದೇ ಇತ್ತು. ಅವನು ಗುಳ್ಳೆ ನೋಡಿದ, ಆ ಕೈ ನೋಡಲಿಲ್ಲ.

ಆಮೇಲೆ ಅವಳು ಶೆಡ್ಡಿಗೆ ಮಜ್ಜಿಗೆ ತರುವುದು ನಿಂತಿತು. ವಯಸ್ಸಾಯಿತು, ನಡೆಯಲು ಬೇಜಾರು ಎಂದುಕೊಂಡ. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ದೃಷ್ಟಿ ನೆಟ್ಟು ಕೂರುವ ಅವಳು ಈಗ ಗೋಡೆಗೆ ಬೆನ್ನು, ತಲೆ ಎರಡನ್ನೂ ಒತ್ತಿಕೊಂಡು, ಕಣ್ಣು ಮುಚ್ಚಿ ಪೂಜೆ ಮಾಡುತ್ತಿದ್ದಳು. ಲಿಂಗಪೂಜೆಗೆ ಕುಳಿತವರನ್ನು ಮಾತಾಡಿಸುವುದು ಅವರ ಮನೆಯ ಪದ್ಧತಿಯಲ್ಲ. ಪೂಜೆ ಮುಗಿದ ಮೇಲೆ ಕೇಳಬಹುದಿತ್ತು, ಅಷ್ಟು ಹೊತ್ತಿಗೆ ಮುರುಗೇಶಪ್ಪ ಶೆಡ್ಡಿನಲ್ಲಿರುತ್ತಿದ್ದ. ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ವಾಯುಸೇನೆಯ ದಿನಗಳಿಂದ ಪರಿಚಯವಿದ್ದ ಜಯಕುಮಾರ್ ಎಂಬ ಪೈಲಟ್ ನಿವೃತ್ತರಾಗಿ ಚಿತ್ರದುರ್ಗದಲ್ಲಿದ್ದರು. ವಿಮಾನ ಹಾರಿಸಿ ಪರೀಕ್ಷಿಸಲು ಒಪ್ಪಿ ಒಂದು ದಿನ ಶೆಡ್ಡಿಗೆ ಬಂದರು. ಸುತ್ತ ತಿರುಗಿ ನೋಡಿ, ಮೆಚ್ಚಿ, ಕೊನೆಗೆ ಖಾಲಿ ಜಾಗದ ಹತ್ತಿರ ನಿಂತರು.

"ಎರಡನೇ ಸೀಟು ಎಲ್ರೀ?"

ಮುರುಗೇಶಪ್ಪ ತೂಕದ ಯಂತ್ರದಿಂದ ಶುರುಮಾಡಿ ಹಿತ್ತಾಳೆ ಬೋಲ್ಟಿನವರೆಗೆ ಕಥೆ ಹೇಳಿದ. ಜಯಕುಮಾರ್ ಪೂರ್ತಿ ಕೇಳಿ ತೊಲೆಯ ಮೇಲೆ ಕೈ ಇಟ್ಟು, ಬೆರಳು ಅಳೆದು ತೋರಿಸಿದರು.

"ನಾಲ್ಕು ಬೆರಳು ಹಿಂದಕ್ಕೆ ಇಡ್ರಿ. ಅದೇ ತೊಲೆಗೆ ಒಂದು ಗಟ್ಟಿ ಪಟ್ಟಿ ಹಾಕಿ, ಸೀಟಿನ ಬೆನ್ನಿನ ಹಿಂದೆ. ಅಲುಗಾಡಬಾರದು, ವಿಮಾನದ ಮೂಗಿಗೂ ಬಾಲಕ್ಕೂ ನೇರವಾಗಿರಬೇಕು, ಕಬ್ಬಿಣ ದೂರ ಇರಬೇಕು. ಅದನ್ನೆಲ್ಲ ಮಾಡೀರಿ. ಇಷ್ಟು ಸಣ್ಣ ವಿಮಾನಕ್ಕೆ ನಾಲ್ಕು ಬೆರಳು ಯಾವ ಲೆಕ್ಕ?"

ಮುರುಗೇಶಪ್ಪ ವಾದ ಮಾಡಿದ. ಆಮೇಲೆ ಮಾಡಿ ನೋಡಿದ. ಪಟ್ಟಿ ಬಿಗಿದು ಪೆಟ್ಟಿಗೆ ಕೂರಿಸಲು ಒಂದು ಮಧ್ಯಾಹ್ನ ಸಾಕಾಯಿತು. ಊರಾಚೆ ಪರಿಚಯದವರ ಹೊಲದಲ್ಲಿ ಹದಮಾಡಿದ ಮಣ್ಣಿನ ದಾರಿಯಿಂದ ಜಯಕುಮಾರ್ ಒಬ್ಬರೇ ವಿಮಾನ ಎಬ್ಬಿಸಿ, ಹಲವು ದಿನ ಹಾರಿಸಿ, ಇಳಿಸಿ, "ಗೆರೆ ಬಂಡೆ ಹಂಗೆ ನಿಂತೈತೆ" ಎಂದರು. ಊರಿನವರು ಚಪ್ಪಾಳೆ ತಟ್ಟಿದರು. ಮುರುಗೇಶಪ್ಪ ಸೀಟು ವಾಪಸ್ ಹಾಕಿ, ನಾರಿನ ಮೆತ್ತೆಯ ಧೂಳು ಕೊಡವಿ, ಮನೆಗೆ ಓಡಿದ.

"ಗಂಗಾ, ನಾಳೆ ನಿಮ್ಮೂರು ನೋಡೋಕೆ ಹೋಗ್ತೀಯ!"

ಅವಳ ಮುಖ ಅರಳಿತು. ಆದರೆ ಎದ್ದವಳು ಬಾಗಿಲ ಚೌಕಟ್ಟನ್ನು ಹಿಡಿದೇ ನಿಂತಳು. ಅದು ಕೂಡ ಅವನಿಗೆ ಆಮೇಲೆ ನೆನಪಾಯಿತು.

ಮಾರನೇ ಬೆಳಿಗ್ಗೆ ಗಾಳಿ ಇರಲಿಲ್ಲ, ಆಕಾಶ ತಿಳಿಯಾಗಿತ್ತು. ಶಿವಗಂಗಮ್ಮ ಬೀರುವಿನ ಒಳ್ಳೆಯ ಸೀರೆ ಉಟ್ಟು ಗಂಡನ ತೋಳು ಹಿಡಿದೇ ಹೊಲ ದಾಟಿದಳು. ಪ್ರೀತಿಗೆ ಹಿಡಿದಿದ್ದಾಳೆ ಎಂದು ಮುರುಗೇಶಪ್ಪ ಒಳಗೊಳಗೇ ಬೀಗಿದ. ಎತ್ತಿ ಕೂರಿಸಿ ಬೆಲ್ಟ್ ಹಾಕಿದ. ಜಯಕುಮಾರ್ ಪಕ್ಕದಲ್ಲಿ ಕುಳಿತು ಇನ್ನೂ ಎಂಜಿನ್ ಮುಟ್ಟಿರಲಿಲ್ಲ. ಶಿವಗಂಗಮ್ಮ ಎರಡೂ ಕೈಯಲ್ಲಿ ಪೈಪು ಹಿಡಿದು ಕಣ್ಣು ಬಿಗಿಯಾಗಿ ಮುಚ್ಚಿದಳು.

"ನಿಲ್ಲಿಸ್ರಿ, ನಿಲ್ಲಿಸ್ರಿ! ಇದು ತಿರುಗ್ತೈತೆ!"

"ಇನ್ನೂ ಹೊರಟೇ ಇಲ್ಲ ಕಣೆ. ನಿಂತಲ್ಲೇ ನಿಂತೈತೆ."

"ಇಲ್ರಿ, ತಿರುಗ್ತೈತೆ. ಇಳಿಸ್ರಿ ನನ್ನ."

ಇಳಿಸುವಷ್ಟರಲ್ಲಿ ವಾಂತಿಯಾಯಿತು. ಹೊಲದ ಬದುವಿನ ಮೇಲೆ ಕೂರಿಸಿ ನೀರು ಕುಡಿಸಿದ. ಯಾವಾಗಿಂದ ಹಿಂಗೆ ಎಂದು ಕೇಳಿದ. ಹೋದ ವರ್ಷದಿಂದ ಎಂದಳು. "ಒಂದು ಮಾತು ಹೇಳಬಾರದಿತ್ತಾ" ಎಂದ.

"ಹೇಳಿದ್ನಲ್ರಿ. ನೀವು ನೆಲ ಅಳೆದ್ರಿ."

ಅವಳು ಚುಚ್ಚಲು ಹೇಳಿದ್ದಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಳು ಅಷ್ಟೇ. ಮುರುಗೇಶಪ್ಪನಿಗೆ ಮಾತ್ರ ಕಪಾಳಕ್ಕೆ ಬಿದ್ದಂತಾಯಿತು.

ಚಿತ್ರದುರ್ಗದ ಕಿವಿ ಡಾಕ್ಟರು ಪರೀಕ್ಷೆಗಳನ್ನು ಮಾಡಿಸಿ, ಕಿವಿಯ ಒಳಭಾಗ ಕೆಟ್ಟಿದೆ ಎಂದರು. "ನಾವು ನೆಟ್ಟಗಿದ್ದೀವೋ ವಾಲಿದ್ದೀವೋ ಅಂತ ತಿಳಿಸೋ ಅಂಗ ಒಂದು ಅಲ್ಲಿರುತ್ತೆ. ಅದು ತಪ್ಪು ಹೇಳೋಕೆ ಶುರುಮಾಡಿದೆ."

"ಅದು ಎಲ್ಲಿ ಕೂತಿರುತ್ತೆ ಸಾರ್?" ಎಂದು ಮುರುಗೇಶಪ್ಪನ ಬಾಯಿಂದ ಬಂದುಬಿಟ್ಟಿತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಡಾಕ್ಟರು ವಿಚಿತ್ರವಾಗಿ ನೋಡಿ, ತಮ್ಮ ಕಿವಿಯ ಹಿಂದೆ ಬೆರಳಿಟ್ಟು ತೋರಿಸಿದರು. ಮೊದಲೇ ಕರೆತಂದಿದ್ದರೆ ಇಷ್ಟು ಹದಗೆಡುತ್ತಿರಲಿಲ್ಲ, ಮಾತ್ರೆ ಮತ್ತು ವ್ಯಾಯಾಮದಿಂದ ಮನೆಯೊಳಗೆ ಓಡಾಡಿಕೊಂಡಿರಬಹುದು, ಆದರೆ ಇನ್ನು ವಿಮಾನದ ಆಸೆ ಬಿಟ್ಟುಬಿಡಿ ಎಂದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಬಸ್ಸಿನಲ್ಲಿ ವಾಪಸ್ ಬರುವಾಗ ಅವಳ ತಲೆ ಅಲುಗದಂತೆ ಭುಜ ಕೊಟ್ಟು ಕುಳಿತ ಮುರುಗೇಶಪ್ಪ ದಾರಿಯುದ್ದಕ್ಕೂ ಅತ್ತ.

ವಿಮಾನ ಮಾರಿಬಿಡುತ್ತೇನೆ ಎಂದ. ಶಿವಗಂಗಮ್ಮ ಒಪ್ಪಲಿಲ್ಲ. "ಮಾರೋಕೆ ಮುಂಚೆ ನನ್ ಸೀಟಿನಾಗೆ ನೀವ್ ಕುಂತ್ಕಂಡು ಹೋಗ್ಬರ್ರಿ. ನಮ್ಮೂರು ನೋಡ್ಕಂಡು ಬಂದು ನಂಗೆ ಹೇಳ್ರಿ" ಎಂದಳು.

ಹೋದ. ಜನ್ಮದಲ್ಲಿ ಮೊದಲ ಸಲ ನೆಲ ಬಿಟ್ಟು ಮೇಲೆದ್ದ. ತೆಂಗಿನ ತೋಟ, ಒಣಹೊಲ ಎಲ್ಲ ಕೆಳಗೆ ಸರಿದವು. ಹೊಳಲ್ಕೆರೆ ದಾಟಿದ ಮೇಲೆ ಜಯಕುಮಾರ್ ಕೂಗಿ ಕೈ ತೋರಿಸಿ, ಚೆನ್ನಾಗಿ ಕಾಣಲೆಂದು ವಿಮಾನವನ್ನು ಒಂದು ಪಕ್ಕಕ್ಕೆ ವಾಲಿಸಿ ದೊಡ್ಡದಾಗಿ ಸುತ್ತು ಹೊಡೆಸಿದರು.

ಇಳಿದು ಬರುವ ಹೊತ್ತಿಗೆ ಶಿವಗಂಗಮ್ಮ ಪಡಸಾಲೆಯಲ್ಲಿ ದಿಂಬಿಗೆ ಒರಗಿ ಕಾಯುತ್ತಿದ್ದಳು.

"ಕಾಣ್ತೇನ್ರಿ? ಕೆರೇಲಿ ನೀರೈತಾ? ನಮ್ಮಪ್ಪನ ಮನೆ ಗೊತ್ತಾಯ್ತಾ?"

ಮುರುಗೇಶಪ್ಪ ಬಾಗಿಲಲ್ಲಿ ಓರೆಯಾಗಿದ್ದ ಚಪ್ಪಲಿಗಳನ್ನು ನೆಟ್ಟಗೆ ಜೋಡಿಸಿದ. ವಿಮಾನ ವಾಲಿದಾಗ ಪರದೆಯ ಮೇಲಿನ ಗೆರೆಯೂ ಅಷ್ಟೇ ವಾಲಿತ್ತು, ಸರಿಯಾಗಿ ಅಷ್ಟೇ. ಅದು ಎಷ್ಟು ಚೆನ್ನಾಗಿ ಜೊತೆಗೂಡಿ ವಾಲುತ್ತಿದೆ, ಎಷ್ಟು ಮೆತ್ತಗೆ ಮತ್ತೆ ಮಟ್ಟಕ್ಕೆ ಬರುತ್ತಿದೆ ಎಂದು ಅವನು ಕಣ್ಣು ಮಿಟುಕಿಸದೆ ನೋಡುತ್ತಿದ್ದ. ತಲೆ ತಿರುಗಿಸಿ ಕೆಳಗೆ ನೋಡುವಷ್ಟರಲ್ಲಿ ಬಿ.ದುರ್ಗ ಹಿಂದೆ ಬಿದ್ದು, ಯಾರದೋ ಊರಿನ ತೋಟ ಬಂದಿತ್ತು.

ಸುಳ್ಳು ಹೇಳಿಬಿಡೋಣ ಎನ್ನಿಸಿತು. ಕೆರೆ ತುಂಬಿದೆ ಎನ್ನಬಹುದಿತ್ತು, ಹಂಚು ಕೆಂಪಗೆ ಹೊಳೀತಿತ್ತು ಎನ್ನಬಹುದಿತ್ತು. ಆದರೆ ಅವಳು ಅವನ ಮುಖವನ್ನೇ ನೋಡುತ್ತಿದ್ದಳು.

"ನೋಡ್ಲಿಲ್ಲ ಕಣೆ ಗಂಗಾ" ಎಂದ. "ನಿಮ್ಮೂರ ಮೇಲೇ ಹೋದ್ವಿ. ನಾನು ಕೆಳಗೆ ನೋಡ್ಲಿಲ್ಲ."

ಶಿವಗಂಗಮ್ಮ ಒರಗಿದ್ದ ದಿಂಬನ್ನು ತಲೆಯ ಕೆಳಗೆ ಸರಿಸಿಕೊಂಡಳು.

"ನಿಮ್ ಕಣ್ಣಾಗಾದ್ರೂ ನೋಡಾಣ ಅಂದ್ಕಂಡಿದ್ದೆ ಕಣ್ರಿ" ಎಂದು ಹೇಳಿ, ನಿಧಾನವಾಗಿ ಗೋಡೆಯ ಕಡೆಗೆ ಹೊರಳಿ ಮಲಗಿದಳು.