ಸ್ವಿಚ್ಚಿನ ಮೇಲಿನ ಅಂಗೈ

ಖರಾಡಿಯ ಕಚೇರಿಯಲ್ಲಿ ನನಗೆ ರೌಟರ್‌ಗಳ ಕೆಲಸ ಕಲಿಸಿದ ಹಿರಿಯ ಇಂಜಿನಿಯರ್ ವಿಜಯಪುರದ ಕಡೆಯವರು. ಮಾತಾಡುವ ಮೊದಲು ಯಂತ್ರದ ಮೇಲೆ ಅಂಗೈ ಇಡುತ್ತಿದ್ದರು, ಜ್ವರ ನೋಡುವವರ ಹಾಗೆ. "ತಲಿ ಬ್ಯಾರೆ, ಕೈ ಬ್ಯಾರೆ ನೋಡ್ರಿ," ಎನ್ನುವರು. ದಾರಿ ನಿರ್ಧರಿಸುವ ಕಾರ್ಡು ತಲೆ. ಅದು ಹೇಳಿಟ್ಟ ದಾರಿಯಲ್ಲಿ ಪ್ಯಾಕೆಟ್‌ಗಳನ್ನು, ಅಂದರೆ ಮಾಹಿತಿಯ ತುಣುಕುಗಳನ್ನು, ಸಾಗಿಸುವ ಕಾರ್ಡುಗಳು ಕೈ.

ಒಂದು ಮಧ್ಯಾಹ್ನ, ಆಸ್ಪತ್ರೆಯೊಂದರ ಫೋನ್ ಕರೆಗಳು ಹಾಯುತ್ತಿದ್ದ ರೌಟರ್‌ನ ತಲೆ ಕೆಟ್ಟು, ತಾನಾಗಿಯೇ ಮತ್ತೆ ಶುರುವಾಗತೊಡಗಿತು. ಧಾರವಾಡ ಕಡೆಯವರಾದ ನಮ್ಮ ಮ್ಯಾನೇಜರ್ ಓಡಿಬಂದರು.

"ಪೂರಾ ಬಂದ್ ಮಾಡಿ ಚಾಲೂ ಮಾಡ್ರಿ!"

ಹಿರಿಯ ಇಂಜಿನಿಯರ್ ರೌಟರ್‌ನ ಪವರ್ ಸ್ವಿಚ್ಚನ್ನು ಅಂಗೈಯಿಂದ ಮುಚ್ಚಿದರು. "ಬ್ಯಾಡ್ರಿ ಸಾಹೇಬ್ರ. ತಲಿ ಮಲಗ್ಯಾದ, ಕೈ ದುಡೀಲಿಕತ್ತಾವ. ಬಂದ್ ಮಾಡಿದ್ರ ಕರೆ ಎಲ್ಲಾ ಕಟ್ ಆಗ್ತಾವ."

"ಅಷ್ಟರಾಗ ದಾರಿ ಬದಲಾದ್ರ?"

"ಕೈಗೆ ಗೊತ್ತಾಗಂಗಿಲ್ರಿ. ಹಳೇ ದಾರಿಗೇ ಕಳಸ್ತಾವ."

ಹಸಿರು ದೀಪಗಳು ಮಿಟುಕುತ್ತಲೇ ಇದ್ದವು. ಕೊನೆಗೆ ತಲೆ ಎಚ್ಚರಗೊಂಡು, ಅಕ್ಕಪಕ್ಕದ ರೌಟರ್‌ಗಳಿಂದ ದಾರಿಗಳನ್ನು ಮತ್ತೆ ಕೇಳಿ ತಿಳಿದುಕೊಂಡಿತು. ಒಂದು ಕರೆಯೂ ಕಡಿದಿರಲಿಲ್ಲ.

ಮ್ಯಾನೇಜರ್ ಚಹಾಕ್ಕೆ ಕರೆದರು. ಹಿರಿಯ ಇಂಜಿನಿಯರ್ ನಿಂತಲ್ಲೇ ನಿಂತಿದ್ದರು.

"ತಲಿ ಎದ್ದದರೀ, ಇನ್ನರೆ ಕೈ ತಗೀರಲ!" ಎಂದರು ಮ್ಯಾನೇಜರ್.

ಆಗಷ್ಟೇ ಹಿರಿಯ ಇಂಜಿನಿಯರ್ ಕೆಳಗೆ ನೋಡಿದರು. ಅವರ ಅಂಗೈ ಇನ್ನೂ ಸ್ವಿಚ್ಚನ್ನು ಮುಚ್ಚಿಕೊಂಡೇ ಇತ್ತು.