ನೀರಿನ ಸೂಜಿ

ತುಳಜಾರಾಮ ಡಾಕ್ಟರು ನನ್ನ ತಂಗಿಯ ಗಂಡ. ಬಸವಕಲ್ಯಾಣದವರು. ಹೈದರಾಬಾದಿನಲ್ಲಿ ಓದಿ, 1964ರಲ್ಲಿ ಹುಮನಾಬಾದಿನ ಆಚೆಯ ಒಂದು ಹಳ್ಳಿಯ ಸರಕಾರಿ ದವಾಖಾನೆಗೆ ಬಂದರು. ಅವರಿಗಿದ್ದದ್ದು ಒಂದೇ ಹಟ: ಅಗತ್ಯವಿಲ್ಲದ ಕಡೆ ಸೂಜಿ ಚುಚ್ಚುವುದಿಲ್ಲ. ಗುಳಿಗೆಯಿಂದ ಹೋಗುವ ರೋಗಕ್ಕೆ ಗುಳಿಗೆ, ತಾನಾಗಿ ಹೋಗುವುದಕ್ಕೆ ಗಂಜಿ ಮತ್ತು ವಿಶ್ರಾಂತಿ. ಇಷ್ಟನ್ನು ಜನ ನಂಬಿದರೆ ತಾನು ಓದಿದ್ದು ಸಾರ್ಥಕ ಎಂದು ತಿಳಿದಿದ್ದರು.

ಜನ ನಂಬಲಿಲ್ಲ. ಸೂಜಿ ಹಾಕದವನು ಅವರ ಪಾಲಿಗೆ ಡಾಕ್ಟರನೇ ಅಲ್ಲ. ಬೆಂಚಿನ ಮೇಲೆ ಕೂರುವ ಮೊದಲೇ ಅಂಗಿಯ ತೋಳು ಮೇಲೇರುತ್ತಿತ್ತು. ಗುಳಿಗೆ ಕೊಟ್ಟರೆ ಮುಖ ಸಣ್ಣದಾಗುತ್ತಿತ್ತು.

"ಸಾಹೇಬ್ರ, ಇವರಿಗಿ ಗುಳಿಗಿ ಕೊಡೂದು ಒಂದ, ಹುರಗಡ್ಲಿ ಕೊಡೂದು ಒಂದ" ಎನ್ನುತ್ತಿದ್ದಳು ನರ್ಸ್ ಗೌಹರ. "ಊರ ಅಗಸಿ ಬಾಗ್ಲ ದಾಟೂದ್ರಾಗ ಕೋಳಿಗಿ ಒಗದಿರ್ತಾರ."

"ಕೋಳಿಗಳಾದ್ರೂ ಆರಾಮ ಇರ್ಲಿ ಬಿಡವ್ವ."

ಆಗ ಅವರು ಇನ್ನೂ ನಗುತ್ತಿದ್ದರು.

ಗುಳಿಗೆ ಒಗೆದವರು ನೇರವಾಗಿ ಸೈಕಲ್ ಡಾಕ್ಟರನ ಹತ್ತಿರ ಹೋಗುತ್ತಿದ್ದರು. ಅವನು ಯಾವುದೋ ಔಷಧಿ ಅಂಗಡಿಯಲ್ಲಿ ಪೊಟ್ಟಣ ಕಟ್ಟುತ್ತಿದ್ದವನು. ಸೈಕಲ್ಲಿಗೆ ಚೀಲ ತೂಗುಹಾಕಿಕೊಂಡು ಊರೂರು ತಿರುಗುತ್ತಿದ್ದ. ಸೂಜಿ ಒಂದೇ, ಊರಿಗೆಲ್ಲ ಅದೇ. ಒಬ್ಬರಿಗೆ ಚುಚ್ಚಿ, ಕರವಸ್ತ್ರದಲ್ಲಿ ಒರೆಸಿ, ಇನ್ನೊಬ್ಬರಿಗೆ ಚುಚ್ಚುತ್ತಿದ್ದ.

ದುಬಲಗುಂಡಿಯ ಕೇಶರಬಾಯಿ ಹೊಲದ ಕೂಲಿಗೆ ಹೋಗುವವಳು. ಒಂದು ಮಳೆಗಾಲದಲ್ಲಿ ಮೊಮ್ಮಗಳು ಕಮಳಾಳನ್ನು ಎತ್ತಿಕೊಂಡು ಬಂದಳು. ಮಗುವಿಗೆ ನೆಗಡಿ, ಜ್ವರ. ತುಳಜಾರಾಮರು ಎದೆ ಪರೀಕ್ಷಿಸಿ, ಗುಳಿಗೆ ಕೊಟ್ಟು, ಸೂಜಿ ಬೇಡ ಎಂದರು.

"ಬಡವರಂತ ಹಾಕಂಗಿಲ್ಲೇನ್ರಿ?"

"ಬಡವರಿಗೂ ಸಾಹುಕಾರರಿಗೂ ನೆಗಡಿ ಒಂದೇ ಆಯಿ. ಇದಕ್ಕ ಸೂಜಿ ಇಲ್ಲ."

ಆಕೆ ಮಗುವನ್ನೆತ್ತಿಕೊಂಡು ಎದ್ದು ಹೋದಳು. ಮತ್ತೆ ಬಂದಾಗ ಮಗುವಿನ ಕುಂಡಿ ಊದಿ ಕಲ್ಲಾಗಿತ್ತು. ಸೈಕಲ್ಲಿನವನು ಚುಚ್ಚಿದ ಜಾಗದಲ್ಲಿ ಕೀವು ತುಂಬಿತ್ತು. ಗೌಹರ ಮಗುವನ್ನು ಅವುಚಿ ಹಿಡಿದಳು, ಡಾಕ್ಟರು ಕೊಯ್ದು ಕೀವು ತೆಗೆದರು. ಗಾಯ ಮಾಯಿತು, ಕಾಲು ನೆಟ್ಟಗಾಗಲಿಲ್ಲ. ಸೂಜಿ ನರಕ್ಕೇ ತಾಗಿತ್ತು.

"ಅವನ ಕಡಿ ಯಾಕ ಹೋದಿ?" ಎಂದು ಡಾಕ್ಟರು ಗದರಿದರು.

"ನೀವು ಹಾಕಿದ್ರ ನಾ ಯಾಕ ಹೋಗ್ತಿದ್ದೆರಿ?" ಎಂದಳು ಕೇಶರಬಾಯಿ.

ಆ ಸಂಜೆ ಡಾಕ್ಟರು ಈ ಮಾತನ್ನು ನನಗೆ ಹೇಳಿದರು. ಇದು ತಪ್ಪು ಮಾತು ಎಂದು ನಾನು ಅವರೊಡನೆ ವಾದಿಸಿದೆ. "ತಪ್ಪೇ ಇರಬಹುದು, ಹುಡುಗಿ ಕುಂಟುತ್ತಾಳೆ" ಎಂದರು.

ಮರುದಿನ ಗೌಹರಳಿಗೆ ಸೂಜಿಗಳನ್ನು ಚೆನ್ನಾಗಿ ಕುದಿಸಲು ಹೇಳಿದರು. ಅಂದಿನಿಂದ ಸೂಜಿಯ ಔಷಧಿಪುಡಿ ಕಲಸಲು ಸೀಸೆಯಲ್ಲಿ ಬರುವ ಶುದ್ಧ ನೀರನ್ನೇ, ಕೇಳಿ ಪಟ್ಟುಹಿಡಿದವರ ತೋಳಿಗೆ ಚುಚ್ಚತೊಡಗಿದರು. ಬರೀ ನೀರು ಮಾಂಸಕ್ಕೆ ಇಳಿದರೆ ಉರಿಯುತ್ತದೆ. ಉರಿದಷ್ಟೂ ಔಷಧಿ ಜೋರು ಎಂದು ಜನ ಖುಷಿಪಟ್ಟರು. ಜೊತೆಗೆ ಕೊಟ್ಟ ಗುಳಿಗೆಯನ್ನೂ ನುಂಗತೊಡಗಿದರು. ಸೈಕಲ್ಲಿನವನು ಬೇರೆ ಊರು ನೋಡಿಕೊಂಡ. ದೂರದ ಬೇಮಳಖೇಡದಿಂದಲೂ ರೋಗಿಗಳು ಬಂದರು. ಡಾಕ್ಟರ ಕೈಗುಣ ದೊಡ್ಡದು ಎಂಬ ಮಾತು ಹಬ್ಬಿತು.

ಹೆಸರು ಬಂದ ಮೇಲೆ ಅವರು ಮನೆಯಲ್ಲಿ ಕೆಲಸದ ಮಾತು ಬಿಟ್ಟರು. ಊಟ ಮಾಡಿ ಗೋಡೆಗೆ ಒರಗಿ ಕೂರುತ್ತಿದ್ದರು. ಯಾರಾದರೂ ಹೊಗಳಿದರೆ ಎದ್ದು ಒಳಗೆ ಹೋಗುತ್ತಿದ್ದರು. ತಂಗಿ ಇದನ್ನು ಸೊಕ್ಕು ಎಂದುಕೊಂಡಿದ್ದಳು. ಸೊಕ್ಕಲ್ಲ, ದಣಿವು.

1983ರಲ್ಲಿ ಒಂದು ದಿನ ಕೇಶರಬಾಯಿ ತನ್ನ ಮೈಕೈ ನೋವಿಗೆಂದು ಬಂದಳು. ಲಗ್ನದ ವಯಸ್ಸಿಗೆ ಬಂದಿದ್ದ ಕಮಳಾ ಅಜ್ಜಿಯ ಹಿಂದೆ ಕುಂಟುತ್ತ ಬಂದು ಬಾಗಿಲ ಬಳಿ ನಿಂತಳು. ನಾನು ಅಂದು ಅಲ್ಲಿಯೇ ಇದ್ದೆ. ಹುಡುಗಿಯ ಕಾಲನ್ನೇ ನೋಡುತ್ತಿದ್ದ ಡಾಕ್ಟರು ಕೇಶರಬಾಯಿಗೆ ಹೇಳಿದರು:

"ಆಯಿ, ಖರೆ ಹೇಳ್ತೀನಿ ಕೇಳು. ಇಷ್ಟು ವರ್ಷ ನಿನಗ ಹಾಕಿದ್ದು ಔಷಧ ಅಲ್ಲ, ನೀರು. ಬರೇ ನೀರು. ಸೂಜಿ ಬ್ಯಾಡ, ಗುಳಿಗಿ ತಗೊಂಡು ಮನಿಗಿ ಹೋಗು."

ಕೇಶರಬಾಯಿ ಬಾಯಿಗೆ ಸೆರಗು ಹಚ್ಚಿ ನಕ್ಕಳು.

"ಗೌಹರಬಾಯಿ, ಸಾಹೇಬ್ರು ಮಸ್ಕಿರಿ ಮಾಡ್ಲಾಕ ಕಲ್ತಾರ ನೋಡ್ರಿ! ನೀರು ಹಿಂಗ ಉರೀತದೇನ್ರಿ?"

"ಖರೇನ ಹೇಳಾಕತ್ತೀನವ್ವ."

"ನೀರ ಇರ್ಲಿ. ನಮ್ಮ ಬಾವ್ಯಾಗೂ ನೀರ ಅದ, ನೋವು ಹೋಗ್ಯಾವೇನ್ರಿ? ನಿಮ್ಮ ಕೈಲೆ ಬರ್ಬೇಕು." ನಗು ಬಿಟ್ಟು ಹೇಳಿದಳು: "ನೀವು ಹಾಕದಿದ್ರ ಮನ್ನಾಏಖೇಳ್ಳಿಗಿ ಬಸ್ ಅದ. ಅಲ್ಲಿ ಒಬ್ಬಾಂವ ಹೊಸಬ ಹಾಕ್ತಾನಂತ."

ಗೌಹರ ಡಾಕ್ಟರ ಮುಖ ನೋಡಿದಳು. ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಮತ್ತೆ ಹಾಕಿಕೊಂಡು, "ಸೂಜಿ ಕುದ್ದಾವೇನು?" ಎಂದು ಕೇಳಿದರು.

ಕೇಶರಬಾಯಿ ಆಗಲೇ ಕುಪ್ಪಸದ ತೋಳು ಮೇಲೇರಿಸಿಕೊಂಡಿದ್ದಳು.