ಅಣ್ಣನ ಬಂದೂಕಿಗೆ ಚೋಕ್

ನಾನು ತೂತುಗಳೊಳಗೆ ಇಣುಕಿ ನೋಡಿ ಸಂಬಳ ತೆಗೆದುಕೊಂಡವಳು. ಪೀಣ್ಯದ ಒಂದು ಸರ್ಕಾರಿ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಅದೇ ನನ್ನ ಕೆಲಸ. ಲೇತಿನವರು ಕೊರೆದು ಕಳಿಸುತ್ತಿದ್ದರು, ನಾನು ಗೇಜು ತೂರಿಸಿ ನೋಡುತ್ತಿದ್ದೆ. ಗೇಜಿನ ಒಂದು ತುದಿ ತೂತಿನೊಳಗೆ ಹೋಗಬೇಕು, ಇನ್ನೊಂದು ಹೋಗಬಾರದು. ಎಲ್ಲರ ಮನೆ ದೋಸೆಯೂ ತೂತು ಎಂದು ಲೋಕ ಸಮಾಧಾನ ಮಾಡಿಕೊಳ್ಳುತ್ತದೆ. ನನಗೆ ಮಾತ್ರ ಆ ತೂತುಗಳೆಲ್ಲ ಒಂದೇ ಅಳತೆಯಲ್ಲಿವೆಯೇ ಎಂಬ ಚಿಂತೆ. ನಿವೃತ್ತಿಯಾದ ಮೇಲೂ ಅದು ಬಿಟ್ಟಿಲ್ಲ. ಬಾಗಲಗುಂಟೆಯ ಮನೆಯಲ್ಲಿ ನಾನು ಉದ್ದಿನ ವಡೆ ತಟ್ಟುತ್ತಿದ್ದರೆ ಯಜಮಾನರು ಬಾಗಿಲಲ್ಲಿ ನಿಂತು, "ನಿಧಾನ ಕಣೇ, ರಿಜೆಕ್ಟ್ ಮಾಡ್ಬಿಟ್ಟೀಯ, ಹೊಟ್ಟೆ ಹಸೀತಿದೆ" ಎನ್ನುತ್ತಾರೆ.

ಹೋದ ವರ್ಷ ಒಂದು ಬೆಳಿಗ್ಗೆ ಹೂಡಿಯಿಂದ ನನ್ನ ಅಣ್ಣ ಫೋನ್ ಮಾಡಿ, "ರತ್ನಾ, ಚೋಕ್ ಆಕಿಸ್ಬೇಕು ಕಣಮ್ಮ. ನಿಂಗೆ ಯಾರಾನ ಗೊತ್ತಾ?" ಎಂದು ಕೇಳಿದ. ಬೆಂಗಳೂರಿನಲ್ಲಿ ಬದುಕುವವರಿಗೆ ಚೋಕ್ ಎಂದರೆ ಮೊದಲು ನೆನಪಾಗುವುದು ಅಡುಗೆಮನೆಯ ಸಿಂಕು. ಸ್ವಲ್ಪ ವಯಸ್ಸಾದವರಿಗೆ ಚಳಿಗಾಲದ ಮುಂಜಾನೆ ಎಳೆದು ಒದೆಯುತ್ತಿದ್ದ ಸ್ಕೂಟರಿನ ಚೋಕೂ ನೆನಪಾದೀತು. ಅಣ್ಣ ಹೊಲ ಇದ್ದಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸಿದವನು, ಮನೆಗಳ ತುಂಬ ಬಾಡಿಗೆದಾರರು, ಅವರ ಕೂದಲು, ಅನ್ನ, ಕಾಫಿ ಚರಟ. ನಾನು ಹಿಂದೆಮುಂದೆ ನೋಡದೆ ನಮ್ಮ ಪ್ಲಂಬರ್ ನಂಬರು ಕೊಟ್ಟೆ. ಚೋಕ್ ತಾನಾಗಿ ಆಗುತ್ತದೆಯೇ ಹೊರತು ಅದನ್ನು ಯಾರೂ ದುಡ್ಡು ಕೊಟ್ಟು ಹಾಕಿಸುವುದಿಲ್ಲ ಎಂಬ ವ್ಯಾಕರಣ ನನಗೆ ಹೊಳೆಯಲೇ ಇಲ್ಲ.

ಪ್ಲಂಬರ್ ಉದ್ದನೆಯ ಸ್ಪ್ರಿಂಗ್ ತಂತಿ ಸುತ್ತಿಕೊಂಡು ಹೂಡಿಗೆ ಹೋದ. "ಯಾವ ಬಾತ್‌ರೂಮು ಸಾರ್?" ಎಂದ. ಅಣ್ಣ, "ಬಾತ್‌ರೂಮಲ್ಲಪ್ಪ, ನಳಿಗೆ" ಎಂದ. ಅವನಿಗೆ ಅದು ನಲ್ಲಿ ಎಂದು ಕೇಳಿಸಿತು. "ನಲ್ಲಿ ಎಲ್ಲಿದೆ ತೋರ್ಸಿ" ಎಂದಿದ್ದಕ್ಕೆ ಅಣ್ಣ ಒಳಗೆ ಹೋಗಿ ಬೀರು ತೆಗೆದು ತಾತನ ಕಾಲದ ಜೋಡುನಳಿಗೆ ಬಂದೂಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದ. ಪ್ಲಂಬರ್ ಸ್ಪ್ರಿಂಗನ್ನೂ ಬಿಟ್ಟು ಓಡಿದ. ಆಮೇಲೆ ನನಗೆ ಫೋನ್ ಮಾಡಿ, "ಮೇಡಂ, ನಿಮ್ಮ ಅಣ್ಣಾವ್ರದ್ದು ಏನೋ ಬೇರೆ ಥರ ಚೋಕ್ ಇದೆ, ನನ್ ಕೈಲಿ ಆಗಲ್ಲ" ಎಂದ.

ಬೇರೆ ಥರದ್ದೇ. ಹೂವಿನ ಗಿಡಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತುತ್ತೇವಲ್ಲ, ನೀರು ಚೆಲ್ಲಾಡದೆ ದೂರ ಹೋಗಲಿ ಎಂದು? ಒಂದೇ ಗುಂಡಿನ ಬದಲು ಛರೆ ಎಂಬ ಸಣ್ಣ ಸೀಸದ ಕಾಳುಗಳನ್ನು ಹಾರಿಸುವ ಬಂದೂಕಿನ ನಳಿಗೆಯ ಬಾಯಿಯನ್ನು ಹಾಗೆ ಕೊಂಚ ಬಿಗಿ ಮಾಡಿದರೆ ಅದಕ್ಕೆ ಚೋಕ್ ಎನ್ನುತ್ತಾರೆ. ಛರೆಗಳು ಬೇಗ ಚೆದುರದೆ ಒಟ್ಟಾಗಿ ಹೋಗುತ್ತವೆ. ಹಳೆಯ ಬಂದೂಕಿನಲ್ಲಿ ಈ ಬಿಗಿ ಹುಟ್ಟಿನಿಂದ ಬಂದದ್ದು, ಬದಲಾಗದು. ಈಗಿನವುಗಳಲ್ಲಿ ಬಾಯೊಳಗೆ ಮರೆ, ಅಂದರೆ ತಿರುಪಿನ ಸುರುಳಿ ಗೆರೆ, ಇರುತ್ತದೆ. ದೂರಕ್ಕೊಂದು, ಹತ್ತಿರಕ್ಕೊಂದು ತಿರುಪಿನ ಕೊಳವೆ ಕೂರಿಸಿಕೊಳ್ಳಬಹುದು. ಇನ್ನು ಹನ್ನೆರಡು ಬೋರ್ ಎನ್ನುತ್ತಾರಲ್ಲ, ಆ ಲೆಕ್ಕ ನನಗೆ ಬಹಳ ಇಷ್ಟ. ಒಂದು ಪೌಂಡು ಸೀಸವನ್ನು ಹನ್ನೆರಡು ಸಮ ಗುಂಡು ಮಾಡಿದರೆ ಅದರಲ್ಲೊಂದು ಹಿಡಿಸುವಷ್ಟು ತೂತು. ಇಪ್ಪತ್ತು ಬೋರ್ ಅದಕ್ಕಿಂತ ಚಿಕ್ಕದು. ಒಂದೇ ಪಾತ್ರೆ ಹಿಟ್ಟಿನಲ್ಲಿ ಮುದ್ದೆ ಹೆಚ್ಚು ಕಟ್ಟಿದಷ್ಟೂ ಮುದ್ದೆ ಸಣ್ಣದಾಗುತ್ತದೆ ಎಂಬುದು ನೆಂಟರು ಬಂದ ದಿನ ನಮ್ಮಮ್ಮನಿಗೂ ಗೊತ್ತಿತ್ತು.

ಆದರೆ ಎಪ್ಪತ್ತು ದಾಟಿದ ಅಣ್ಣನಿಗೆ ಚೋಕ್ ಯಾಕೆ? ಅವನಿಗಲ್ಲ, ಮಗಳು ಚೈತ್ರಾಳಿಗೆ. ಅವಳು ವೈಟ್‌ಫೀಲ್ಡಿನಲ್ಲಿ ಹಲ್ಲಿನ ಡಾಕ್ಟರು. ಭಾನುವಾರ ಅತ್ತಿಬೆಲೆ ಕಡೆಯ ಒಂದು ಶೂಟಿಂಗ್ ರೇಂಜಿಗೆ ಹೋಗಿ, ಯಂತ್ರ ಎಸೆಯುವ ಮಣ್ಣಿನ ಬಿಲ್ಲೆಗಳನ್ನು ಗಾಳಿಯಲ್ಲಿ ಹೊಡೆಯುತ್ತಾಳೆ, ಕ್ಲಬ್ಬಿನ ಬಂದೂಕಿನಲ್ಲಿ. ಅಣ್ಣ ಒಮ್ಮೆಯೂ ನೋಡಲು ಹೋದವನಲ್ಲ. ತಟ್ಟೆ ಒಡೆಯುವುದಕ್ಕೆ ಅಷ್ಟು ದೂರ ಹೋಗಬೇಕೆ ಎನ್ನುತ್ತಿದ್ದ. ಆದರೆ ಲೈಸೆನ್ಸನ್ನು ಮಗಳಿಗೆ ವರ್ಗಾಯಿಸುವ ಮಾತು ಬಂದಾಗ ಅವಳ ಜೊತೆಯವರು ಯಾರೋ, ಆ ಕಾಲದ ಬಂದೂಕು ಈಗಿನ ಆಟಕ್ಕೆ ಬರಲ್ಲ, ಚೋಕ್ ಬದಲಾಯಿಸಕ್ಕಾಗಲ್ಲ ಎಂದರಂತೆ. ಅದು ಅವನಿಗೆ ನಾಟಿತು. ನಮ್ಮ ಹೊಲ ಹೋಯಿತು, ದ್ರಾಕ್ಷಿ ಚಪ್ಪರ ಹೋಯಿತು, ಬಾವಿ ಮುಚ್ಚಿ ಮೇಲೆ ಪಾರ್ಕಿಂಗ್ ಬಂತು. ಆ ನೆಲದಲ್ಲಿ ಬೆವರು ಸುರಿಸಿದವರ ಕೈ ತಾಗಿದ ವಸ್ತು ಅಂತ ಉಳಿದಿರುವುದು ಆ ಬಂದೂಕೊಂದೇ. ಮಗಳು ಅದನ್ನು ಬೀರುವಿನಲ್ಲಿ ಇಟ್ಟುಕೊಳ್ಳುವುದಲ್ಲ, ಹೆಗಲಿಗೆ ಇಟ್ಟುಕೊಳ್ಳಬೇಕು ಎಂಬುದು ಅವನ ಆಸೆ. ಬಾಯಿ ಬಿಟ್ಟು ಹೇಳಲಿಲ್ಲ. ಹೇಳುವ ಪೈಕಿಯವನೂ ಅಲ್ಲ.

ಪೀಣ್ಯದಲ್ಲಿ ಕಲ್ಲು ಎಸೆದರೆ ಲೇತಿನ ಮೇಲೆ ಬೀಳುತ್ತದೆ. ಆದರೆ ಬಂದೂಕನ್ನು ಅಲ್ಲಿ ಯಾರೂ ಮುಟ್ಟುವಂತಿಲ್ಲ, ಲೈಸೆನ್ಸ್ ಇರುವ ಬಂದೂಕಿನ ಅಂಗಡಿಗೇ ಕೊಡಬೇಕು. ಪೇಟೆಯಲ್ಲಿ ಅಂಥ ಒಬ್ಬ ಸಾಹೇಬರಿದ್ದರು. ಅಣ್ಣ ನನ್ನನ್ನೂ ಕರೆದುಕೊಂಡು ಹೋದ. ಇಷ್ಟು ವರ್ಷ ನಾನು ಫ್ಯಾಕ್ಟರಿಯಲ್ಲಿ ಏನು ಮಾಡುತ್ತೇನೆಂದು ಒಮ್ಮೆಯೂ ಕೇಳದಿದ್ದವನು ಸಾಹೇಬರ ಮುಂದೆ, "ನಮ್ ತಂಗಿ ತೂತು ನೋಡೋದ್ರಲ್ಲಿ ಎಕ್ಸ್‌ಪರ್ಟು" ಎಂದು ಪರಿಚಯಿಸಿದ. ನಾನು ನಗಬೇಕೋ ನಾಚಬೇಕೋ ತಿಳಿಯದೆ ಕನ್ನಡಕ ಒರೆಸಿಕೊಂಡೆ.

ಸಾಹೇಬರು ಬಂದೂಕನ್ನು ನಡುವೆ ಮಡಿಸಿ, ಖಾಲಿಯೆಂದು ತೋರಿಸಿ, ನಳಿಗೆಗಳನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು. ಬೆಳಕಿಗೆ ಹಿಡಿದು ಇಣುಕಿದೆ. ಬಾಯ ಹತ್ತಿರವೇ ಕೆಂಪು. "ತುಕ್ಕು ತಿಂದಿದೆ" ಎಂದು ಗಂಭೀರವಾಗಿ ತೀರ್ಪು ಕೊಟ್ಟೆ. ಸಾಹೇಬರು ಬಟ್ಟೆ ಸುತ್ತಿದ ಕಡ್ಡಿ ಆಡಿಸಿದರು, ಕೆಂಪು ಪುಡಿ ಉದುರಿತು, ವಾಸನೆ ನೋಡಿ ಮುಗುಳ್ನಕ್ಕರು. ಕುಂಕುಮ. ವರ್ಷವರ್ಷವೂ ಆಯುಧಪೂಜೆಗೆ ಅತ್ತಿಗೆ ಎರಡು ಬಾಯಿಗೂ ತಪ್ಪದೆ ಇಟ್ಟದ್ದು. ತೂತಿನ ಎಕ್ಸ್‌ಪರ್ಟಿನ ಮೊದಲ ತೀರ್ಪು ಹೀಗೆ ಗಾಳಿಗೆ ಹೋಯಿತು.

ಎರಡನೆಯದು ಹೋಗಲಿಲ್ಲ. ಸಾಹೇಬರೂ ನಾನೂ ನಳಿಗೆಗಳ ಗೋಡೆಯ ದಪ್ಪ ಅಳೆದೆವು. ಒಂದು ನಳಿಗೆ ಸುತ್ತಲೂ ಸಮವಾಗಿರಲಿಲ್ಲ. ಒಂದು ಪಕ್ಕ ದಪ್ಪ, ಇನ್ನೊಂದು ಪಕ್ಕ ಹಪ್ಪಳ. ಒಳಗೆ ಕೊರೆದು ಮರೆ ಹಾಕಿದರೆ ಅಲ್ಲಿ ಉಳಿಯುವುದು ಕಾಗದ. ಮುಖದ ಹತ್ತಿರ ಸಿಡಿಯುವ ವಸ್ತು. ಸಾಹೇಬರು, "ನಾನು ಮಾಡಲ್ಲ ಸಾರ್. ಹೀಗೇ ಇದ್ರೆ ಗಟ್ಟಿಯಾಗಿದೆ, ಹಗುರ ತೋಟಾ ಹಾಕಿ ಹೊಡೀಬಹುದು" ಎಂದರು. ಅಣ್ಣ ಅವರ ಕಡೆ ನೋಡಲೇ ಇಲ್ಲ.

"ನೀನು ಯೋಳು ರತ್ನಾ. ಆಯ್ತದಾ, ಇಲ್ವಾ?"

ಲಾರಿಗಟ್ಟಲೆ ಮಾಲಿಗೆ ರಿಜೆಕ್ಟ್ ಎಂದು ಕೆಂಪು ಬಣ್ಣ ಬಳಿದವಳು ನಾನು. ಇನ್‌ಚಾರ್ಜರು ಕೂಗಾಡಿದ್ದಾರೆ, ಯೂನಿಯನ್ನಿನವರು ಮುಖ ತಿರುಗಿಸಿದ್ದಾರೆ, ನಾನು ತೀರ್ಪು ಬದಲಿಸಿರಲಿಲ್ಲ. ಅವತ್ತು ಮಾತ್ರ ಆ ನಳಿಗೆಯನ್ನು ಇನ್ನೊಮ್ಮೆ ಅಳೆದೆ. ನಮ್ಮ ವಿಭಾಗದಲ್ಲಿ ಪಾಸು, ರಿಜೆಕ್ಟುಗಳ ನಡುವೆ ಡೀವಿಯೇಷನ್ ಎಂಬುದೊಂದಿತ್ತು. ಡ್ರಾಯಿಂಗಿನ ಅಳತೆಯಲ್ಲಿಲ್ಲ, ಆದರೂ ಇದ್ದಂತೆಯೇ ಕೆಲಸಕ್ಕೆ ಬರುತ್ತದೆ, ತಿದ್ದಲು ಹೋಗಬೇಡಿ ಎಂದು ದೊಡ್ಡವರು ಸಹಿ ಹಾಕಿ ಬಿಡುವುದು. ಎಷ್ಟೋ ಸಂಸಾರಗಳು ಈ ಸಹಿಯ ಮೇಲೆಯೇ ನಡೆಯುತ್ತಿವೆ ಎಂದು ನನ್ನ ಅನುಮಾನ. ಆದರೆ ಅದನ್ನು ಅಣ್ಣನಿಗೆ ವಿವರಿಸುವಷ್ಟು ಧೈರ್ಯ ಬರಲಿಲ್ಲ. "ಆಗಲ್ಲಣ್ಣ" ಎಂದಷ್ಟೇ ಅಂದೆ. ಅವನು ತಲೆಯಾಡಿಸಿ, ಬಂದೂಕನ್ನು ಚೀಲಕ್ಕೆ ಹಾಕಿಕೊಂಡ. ಕಾರು ಹತ್ತಿ ಹೂಡಿಗೆ ವಾಪಸು ಹೊರಟೆವು. ನನಗೆ ಅಳು ಬರುವಂತಾಗಿತ್ತು.

ಮನೆಯಲ್ಲಿ ಚೈತ್ರಾ ಎಲ್ಲವನ್ನೂ ಕೇಳಿಸಿಕೊಂಡು ಅಪ್ಪನ ಪಕ್ಕ ಕುಳಿತಳು. "ಅಪ್ಪ, ಹಲ್ಲಿನ ಗೋಡೆ ತೆಳ್ಳಗಾಗಿದ್ರೆ ನಾನೂ ಕೊರೆಯಲ್ಲ. ಇರೋ ಹಲ್ಲಲ್ಲೇ ತಿನ್ನಿ ಅಂತೀನಿ."

"ನಿಮ್ ಆಟಕ್ಕೆ ಬರಾಕಿಲ್ವಂತಲ್ಲಮ್ಮ."

"ಪಂದ್ಯಕ್ಕೆ ಕ್ಲಬ್ಬಿಂದು ಇದೆ. ಇದರಲ್ಲಿ ಸುಮ್ನೆ ಹೊಡೀತೀನಿ. ಆದ್ರೆ ನೀನು ಬಂದು ನಿಂತ್ಕೋಬೇಕು."

ಲೈಸೆನ್ಸಿನ ಕಾಗದಪತ್ರಗಳು ಮುಗಿಯಲು ತಿಂಗಳುಗಳೇ ಹಿಡಿದವು. ಕೊನೆಗೊಂದು ಭಾನುವಾರ ಅಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಕಿವಿಗೆ ಆ ದೊಡ್ಡ ಮುಚ್ಚಳ ಸಿಕ್ಕಿಸಿಕೊಂಡು ರೇಂಜಿನಲ್ಲಿ ನನ್ನ ಪಕ್ಕ ನಿಂತ. ಚೈತ್ರಾ ನಮ್ಮ ಬಂದೂಕನ್ನು ಹೆಗಲಿಗೆ ಏರಿಸಿದಳು. ಕಿತ್ತಳೆ ಬಣ್ಣದ ಬಿಲ್ಲೆ ಹಾರಿತು, ಬಂದೂಕು ಗುಡುಗಿತು. ಬಿಲ್ಲೆಗೆ ಏನೂ ಆಗಲಿಲ್ಲ. ಅದು ತನ್ನ ಪಾಡಿಗೆ ತೇಲಿಕೊಂಡು ಹೋಗಿ ದೂರದ ಹುಲ್ಲಿನಲ್ಲಿ ಇಳಿಯಿತು. ಅವಳು ಬಂದೂಕು ಮಡಿಸಿ ತಿರುಗಿ ನೋಡಿದಳು, ಮುಖ ಸಪ್ಪಗಾಗಿತ್ತು. ಅಪ್ಪನ ಮುಂದೆ ಮೊದಲ ಗುಂಡೇ ಹೀಗಾಯಿತಲ್ಲ ಎಂದು ನನಗೂ ಸಂಕಟ.

ಒಂದು ಕಾಲದಲ್ಲಿ ಇದೇ ಬಂದೂಕನ್ನು ಗಾಳಿಗೆ ಹಾರಿಸಿ ದ್ರಾಕ್ಷಿ ಚಪ್ಪರದಿಂದ ಗಿಳಿ ಓಡಿಸುತ್ತಿದ್ದ ಅಣ್ಣ ಮಾತ್ರ ಕಿವಿಯ ಮುಚ್ಚಳ ಸರಿಸಿ, ಬಿಲ್ಲೆ ಹೋದ ದಿಕ್ಕನ್ನೇ ನೋಡುತ್ತ ತೃಪ್ತಿಯಿಂದ ಹೇಳಿದ: "ಬಿಡು ಮಗಾ, ಎದ್ರುಕೊಂಡು ಓಯ್ತಲ್ಲ. ಇನ್ ಈ ಕಡೀಕೆ ಬರಾಕಿಲ್ಲ."

ಚೈತ್ರಾಳಿಗೆ ನಗು ತಡೆಯಲಾಗಲಿಲ್ಲ, ನನಗೂ ಇಲ್ಲ. ಆಮೇಲೆ ಅವಳು ಹೊಡೆದವೆಷ್ಟು, ತಪ್ಪಿದವೆಷ್ಟು ಎಂದು ನನ್ನಂಥವಳೂ ಲೆಕ್ಕ ಇಡಲಿಲ್ಲ.